ಅಂಗಿಯ ಹಾಡು ಕನ್ನಡಕ್ಕೆ ಬರಲಿಲ್ಲ

ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ೧೯೨೬ರ ಪುಸ್ತಕ. ಹೊಸಗನ್ನಡ ಕಾವ್ಯಕ್ಕೆ ಅದರಿಂದ ಆದ ಉಪಕಾರವನ್ನು ನಮ್ಮ ವಿಮರ್ಶಕರು ಹೇಳಿ ಹೇಳಿ, ಆ ಮಾತು ಈಗ ಹಳೆಯ ನಾಣ್ಯದಂತೆ ಸವೆದುಹೋಗಿದೆ. ಅದನ್ನು ಇಲ್ಲಿ ಮತ್ತೆ ಉಜ್ಜುವ ಉದ್ದೇಶ ನನಗಿಲ್ಲ. ಆ ಸಂಕಲನದಲ್ಲಿ ಏನಿದೆಯೆಂದು ಎಲ್ಲರೂ ಬಲ್ಲರು. ಏನಿಲ್ಲವೆಂದು ಕೇಳಿದವರು ಕಡಿಮೆ. ಅಲ್ಲಿ ಇಲ್ಲದ ಒಂದು ಪದ್ಯದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ.

ಥಾಮಸ್ ಹುಡ್ ಎಂಬ ಇಂಗ್ಲಿಷ್ ಕವಿಯ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಎರಡು ಪದ್ಯಗಳಿಂದ. ಒಂದು ‘ಅಂಗಿಯ ಹಾಡು’. ೧೮೪೩ರ ಡಿಸೆಂಬರಿನಲ್ಲಿ ‘ಪಂಚ್’ ಪತ್ರಿಕೆಯಲ್ಲಿ ಕವಿಯ ಹೆಸರಿಲ್ಲದೆ ಅಚ್ಚಾಯಿತು. ಇನ್ನೊಂದು ‘ನಿಟ್ಟುಸಿರಿನ ಸೇತುವೆ’, ಅದು ಮರುವರ್ಷದ್ದು. ಈ ಎರಡನೆಯದು ಶ್ರೀಯವರ ಕೈಗೆ ಸಿಕ್ಕಿ ‘ದುಃಖಸೇತು’ ಆಯಿತು. ಎಂಥ ಕಠಿಣ ಹೃದಯದವನೂ ಒಮ್ಮೆ ನಿಂತು ಓದಬೇಕಾದ ಕನ್ನಡ ಪದ್ಯವಾಯಿತು. ಮೊದಲನೆಯದಕ್ಕೆ ಆ ಸಂಕಲನದಲ್ಲಿ ಜಾಗ ದೊರೆಯಲಿಲ್ಲ.

ಎರಡೂ ಹೆಣ್ಣಿನ ದುಃಖದ ಪದ್ಯಗಳೇ. ಆದರೆ ವ್ಯತ್ಯಾಸವನ್ನು ನೋಡಿ. ‘ದುಃಖಸೇತು’ವಿನ ಹೆಂಗಸು ನೀರಿಗೆ ಬಿದ್ದು ಸತ್ತಿದ್ದಾಳೆ. ಅವಳನ್ನು ಮೆಲ್ಲನೆ ಎತ್ತಬೇಕೆಂದು ಕವಿ ಬೇಡುತ್ತಾನೆ. ಅವಳ ತಪ್ಪನ್ನು ಕೆದಕಬೇಡಿರೆಂದು ಕೇಳಿಕೊಳ್ಳುತ್ತಾನೆ. ಅವಳ ಒದ್ದೆ ಬಟ್ಟೆ ಮೈಗೆ ಅಂಟಿಕೊಂಡಿರುವುದನ್ನು ಅವನ ಕಣ್ಣು ಬಿಡದೆ ನೋಡುತ್ತದೆ. ಅವಳು ಬದುಕಿದ್ದಾಗ ಯಾವ ಕೆಲಸ ಮಾಡಿದಳು, ಅದಕ್ಕೆ ಯಾರು ಎಷ್ಟು ಕೊಟ್ಟರು ಎಂಬುದು ಆ ಪದ್ಯದಲ್ಲಿ ಬರುವುದಿಲ್ಲ. ‘ಅಂಗಿಯ ಹಾಡಿ’ನ ಹೆಂಗಸಾದರೋ ಬದುಕಿದ್ದಾಳೆ, ಕುಳಿತು ಹೊಲಿಯುತ್ತಿದ್ದಾಳೆ. ಕೆಲಸವೆಂಬ ಮಾತು ಅಲ್ಲಿ ಸೂಜಿ ಏರಿ ಇಳಿದ ಹಾಗೆ ಮೇಲಿಂದ ಮೇಲೆ ಬರುತ್ತದೆ. ಹುಡ್ ಅಂಗಿಯ ಹೊಲಿಗೆಗಳ ಹೆಸರನ್ನು ಒಂದು ಸಲ ವರಸೆಯಾಗಿ ಹೇಳಿ, ಕೂಡಲೇ ತಲೆಕೆಳಗು ಮಾಡಿ ಹೇಳುತ್ತಾನೆ. ಹೀಗೆ ಹೇಳಿದಾಗ ಬೇಸರವೂ ಒಂದು ಛಂದಸ್ಸಾಗಿಬಿಡುತ್ತದೆ. ಆಮೇಲೆ ಅಂಗಿ ತೊಟ್ಟ ಗಂಡಸರ ಕಡೆಗೇ ತಿರುಗಿ ಮಾತನಾಡುತ್ತಾನೆ. ಮೊದಲ ಪದ್ಯವನ್ನು ಓದಿ ನಾವು ಅಳಬಹುದು. ಇದನ್ನು ಓದಿದವನು ತನ್ನ ಮೈಮೇಲಿನ ಅಂಗಿಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಬೇಕಾಗುತ್ತದೆ.

ಈ ಪದ್ಯಗಳ ಹಿಂದಿನ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಅಂಗಿಯ ಹಾಡಿಗೆ ಕಾರಣಳಾದವಳು ಲಂಡನ್ನಿನ ಲ್ಯಾಂಬೆತ್ ಕೇರಿಯ ಬಿಡ್ಡೆಲ್ ಎಂಬ ವಿಧವೆ. ಮಕ್ಕಳ ಹಸಿವನ್ನು ನೋಡಲಾರದೆ, ಹೊಲಿಯಲೆಂದು ತಂದಿದ್ದ ಬಟ್ಟೆಯನ್ನೇ ಗಿರವಿಯಿಟ್ಟು, ನ್ಯಾಯಾಲಯದ ಕಟಕಟೆ ಹತ್ತಿದಳು. ವಾರವಿಡೀ ಹೊಲಿದರೆ ಹೆಚ್ಚೆಂದರೆ ಏಳು ಷಿಲಿಂಗು. ಸೂಜಿದಾರದ ಖರ್ಚು ಅವಳದೇ. ಸೇತುವೆಯ ಪದ್ಯಕ್ಕೆ ಪ್ರೇರಣೆಯೆಂದು ವಿದ್ವಾಂಸರು ಹೇಳುವುದು ಮೇರಿ ಫರ್ಲಿ ಎಂಬವಳ ಮೊಕದ್ದಮೆಯನ್ನು. ಬಡವರ ಆಶ್ರಮದ ಬಾಳನ್ನು ತಾಳಲಾರದೆ ಮಗುವನ್ನೆತ್ತಿಕೊಂಡು ಅವಳು ಕಾಲುವೆಗೆ ಹಾರಿದಳು. ಮಗು ಸತ್ತಿತು, ತಾಯಿ ಬದುಕಿದಳು, ಅವಳಿಗೆ ಮರಣದಂಡನೆಯೂ ಆಯಿತು. (ಆಮೇಲೆ ಅದನ್ನು ಇಳಿಸಿದರು.) ನೀರಿಗೆ ಹಾರುವ ಮುಂಚೆ ಅವಳು ಹೊಟ್ಟೆ ಹೊರೆಯಲು ನೋಡಿದ್ದು ಅಂಗಿಗಳನ್ನು ಹೊಲಿದು! ಹಾಗಾದರೆ ಸೇತುವೆಯಿಂದ ಬಿದ್ದವಳೂ ಸೂಜಿ ಹಿಡಿದವಳೂ ಒಂದೇ ಸಂಸಾರದವರು. ಹೊಲಿಗೆಯಿಂದ ಬದುಕು ಸಾಗದೆ ನೀರಿಗೆ ಬಿದ್ದವಳನ್ನು ನಾವು ಕನ್ನಡಕ್ಕೆ ಕರೆತಂದೆವು. ಹೊಲಿಯುತ್ತ ಕುಳಿತವಳನ್ನು ಲಂಡನ್ನಿನಲ್ಲಿಯೇ ಬಿಟ್ಟೆವು.

ಇದನ್ನು ಶ್ರೀಯವರ ಮೇಲಿನ ಆಕ್ಷೇಪವೆಂದು ಯಾರೂ ತಿಳಿಯಬಾರದು. ಭಾಷಾಂತರಕಾರ ತನ್ನ ಭಾಷೆಯ ಅಂಗಳದಲ್ಲಿ ಯಾವ ಗಿಡ ಹಿಡಿದೀತೆಂದು ನೋಡಿಯೇ ಕೊಂಬೆ ಕಡಿಯುತ್ತಾನೆ. ಅಂದಿನ ಮೈಸೂರು ಸೀಮೆಯಲ್ಲಿ ಹೊಲಿಗೆಯೆಂದರೆ ಅಂಗಡಿಯ ಜಗಲಿಯ ಮೇಲೆ ಕೂತ ದರ್ಜಿ. ಅವನು ಊರಿನವನು, ಅಳತೆ ತೆಗೆದುಕೊಳ್ಳುವಾಗ ಮನೆಯ ಸುದ್ದಿಯನ್ನೂ ಕೇಳುವವನು. ನೀರಿಗೆ ಬಿದ್ದ ಹೆಣ್ಣು ಮಾತ್ರ ನಮಗೆ ಅಪರಿಚಿತಳಲ್ಲ; ಊರೂರಿನ ಕೆರೆ ಬಾವಿಗಳಿಗೆ ಅವಳ ಕತೆ ಗೊತ್ತಿತ್ತು. ಶ್ರೀಯವರು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ನನ್ನ ತಕರಾರು ಅವರ ನಂತರ ಬಂದ ನಮ್ಮ ಮೇಲೆ.

ಏಕೆಂದರೆ ಕಾಲ ಬದಲಾಯಿತು. ಶ್ರೀಯವರ ಮನೆತನದ ಬೆಳ್ಳೂರು ಇರುವುದು ಇದೇ ಮಂಡ್ಯ ಜಿಲ್ಲೆಯಲ್ಲಿ. ನಾನಿರುವ ಗೆಜ್ಜಲಗೆರೆಯೂ ಇದೇ ಜಿಲ್ಲೆಯದು. ಮದ್ದೂರಿಗೂ ಮಂಡ್ಯಕ್ಕೂ ನಡುವೆ ಮೈಸೂರು ರಸ್ತೆಯ ಮೇಲಿದೆ. (ಹೆಸರಿನಲ್ಲಿರುವುದು ಗೆಜ್ಜೆಯೋ ಗೆಜ್ಜಲೋ, ಅದನ್ನು ಸ್ಥಳನಾಮ ಪಂಡಿತರು ತೀರ್ಮಾನಿಸಲಿ.) ಪತ್ರಿಕೆ ಓದುವವರಿಗೆ ಈ ಊರು ಹಾಲಿನ ಡೇರಿಯಿಂದ ಗೊತ್ತು, ೨೦೨೩ರ ಮಾರ್ಚ್ ೧೨ರಂದು ಪ್ರಧಾನಮಂತ್ರಿಗಳು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದ್ದು ಇಲ್ಲಿಯೇ ಎಂಬುದರಿಂದ ಗೊತ್ತು. ಇಲ್ಲಿನ ಕೈಗಾರಿಕಾ ಪ್ರದೇಶದ ಬಾಗಿಲಲ್ಲಿ ಬೆಳಿಗ್ಗೆ ಬಸ್ಸಿನಿಂದ, ಟೆಂಪೋದಿಂದ ಇಳಿಯುವ ಹೆಂಗಸರನ್ನು ನೋಡಿದವರಿಗೆ ಬೇರೊಂದು ಗುರುತೂ ಉಂಟು. ಬೆಂಗಳೂರಿನಲ್ಲಿ ಜಾಗವೂ ಜನವೂ ತುಟ್ಟಿಯಾದ ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು ರಸ್ತೆ ಹಿಡಿದು ಪಶ್ಚಿಮಕ್ಕೆ ಬಂದವು. ಕನಿಷ್ಠ ವೇತನದ ದರ ವಲಯಕ್ಕೊಂದರಂತಿದ್ದು, ರಾಜಧಾನಿಗಿಂತ ಈ ಕಡೆ ಕಡಿಮೆಯಾಗಿದ್ದುದೂ ಒಂದು ಕಾರಣ. ನಮ್ಮ ಹಳ್ಳಿಗಳ ಮಾತಿನಲ್ಲಿ ಈಗ ‘ಗಾರ್ಮೆಂಟ್ಸ್’ ಎಂಬುದು ವಸ್ತುವಿನ ಹೆಸರಲ್ಲ, ಜಾಗದ ಹೆಸರು. ‘ಗದ್ದೆಗೆ ಹೋಗಿದ್ದಾಳೆ’ ಎಂದಷ್ಟೇ ಸಲೀಸಾಗಿ ‘ಗಾರ್ಮೆಂಟ್ಸ್‌ಗೆ ಹೋಗಿದ್ದಾಳೆ’ ಎನ್ನುತ್ತಾರೆ. ಭಾಷೆ ಅವಳನ್ನು ಇಷ್ಟು ಬೇಗ ಒಳಗೆ ಕರೆದುಕೊಂಡಿತು. ಸಾಹಿತ್ಯವೇಕೆ ಬಾಗಿಲಲ್ಲಿಯೇ ನಿಲ್ಲಿಸಿದೆ?

ನಮ್ಮ ಕತೆಗಳಲ್ಲಿ ಅವಳು ಇಲ್ಲವೇ ಇಲ್ಲವೆಂದಲ್ಲ. ಹಾದುಹೋಗುತ್ತಾಳೆ. ಬಸ್ಸಿನಲ್ಲಿ ಊಟದ ಡಬ್ಬಿ ಹಿಡಿದು ನಿಂತಿರುತ್ತಾಳೆ, ಪ್ರೇಮದಲ್ಲಿ ಮೋಸಹೋಗುತ್ತಾಳೆ, ಕುಡುಕ ಗಂಡನಿಗೆ ಸಂಬಳ ಒಪ್ಪಿಸುತ್ತಾಳೆ. ಯಂತ್ರದ ಮುಂದೆ ಕೂತ ಅವಳನ್ನು, ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನೊಡನೆ ಅವಳ ಬೆರಳು ನಡೆಸುವ ಓಟವನ್ನು, ನಾನು ಓದಿದ ಕನ್ನಡದಲ್ಲಿ ಕಂಡಿಲ್ಲ. ಕಾರ್ಖಾನೆಯ ಗೇಟಿನವರೆಗೆ ಅವಳ ಜೊತೆಗೆ ಬರುವ ಕತೆಗಾರ ಅಲ್ಲಿಂದ ಹಿಂದಿರುಗಿ, ಸಂಜೆ ಮತ್ತೆ ಗೇಟಿನಲ್ಲಿಯೇ ಅವಳನ್ನು ಎದುರುಗೊಳ್ಳುತ್ತಾನೆ. ನಡುವಿನ ಎಂಟೊಂಬತ್ತು ಗಂಟೆ ಪುಟದಲ್ಲಿ ಖಾಲಿ. ೨೦೨೪ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊಟಕ್ಕೆ ಬಾಡು ಇರಬೇಕೇ ಬೇಡವೇ ಎಂದು ದೊಡ್ಡ ಚರ್ಚೆ ಎದ್ದಿತ್ತು. ಒಳ್ಳೆಯ ಚರ್ಚೆಯೇ. ಉಟ್ಟದ್ದರ ಮಾತು ನನ್ನ ಕಿವಿಗೆ ಬೀಳಲಿಲ್ಲ.

ನಮ್ಮ ಜಿಲ್ಲೆಯ ಇನ್ನೊಬ್ಬ ಕವಿ, ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿಯವರು. ಅವರ ‘ಮೈಸೂರು ಮಲ್ಲಿಗೆ’ಯ (೧೯೪೨) ಬಳೆಗಾರ ಚೆನ್ನಯ್ಯನನ್ನು ಯಾರು ಮರೆಯಬಲ್ಲರು? ತವರಿನಲ್ಲಿರುವ ಹೆಂಡತಿಯ ಸುದ್ದಿಯನ್ನು ಗಂಡನ ಬಾಗಿಲಿಗೆ ತರುತ್ತಾನೆ ಅವನು. ಬಳೆ ಯಾರ ಕೈಗೆ ಹೋಯಿತು, ಆ ಕೈಯವಳು ಹೇಗಿದ್ದಾಳೆ, ಎಲ್ಲವೂ ಅವನಿಗೆ ಗೊತ್ತು. ಮಾರುವವನೇ ಓಲೆಕಾರನಾಗಿದ್ದ ಲೋಕವದು. ಇಂದು ಗೆಜ್ಜಲಗೆರೆಯಂಥ ಊರಿನಿಂದ ಅಮೆರಿಕಕ್ಕೋ ಯೂರೋಪಿಗೋ ಹೋಗುವ ಅಂಗಿಯ ಕೊರಳಪಟ್ಟಿಯಲ್ಲಿ ಒಂದು ಚೀಟಿ ಇರುತ್ತದೆ. ದೇಶದ ಹೆಸರು, ನೂಲಿನ ಜಾತಿ, ಒಗೆಯುವ ಕ್ರಮ. ಅಂಗಿಯ ಆರೋಗ್ಯದ ವಿಷಯವಾಗಿ ಅಷ್ಟೆಲ್ಲ ಕಾಳಜಿ. ಹೊಲಿದವಳ ಸುದ್ದಿ ಒಂದಕ್ಷರವಿಲ್ಲ. ಕಾವ್ಯಕ್ಕೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೇ?

ಸುದ್ದಿ ಏನೆಂದು ಕೇಳಿದರೆ ಹೇಳುವುದಕ್ಕೆ ಬೇಕಾದಷ್ಟಿದೆ. ೨೦೨೦ರ ಏಪ್ರಿಲಿನಿಂದ ಸಿಗಬೇಕಾಗಿದ್ದ ತುಟ್ಟಿಭತ್ಯ ತಿಂಗಳಿಗೆ ಸುಮಾರು ೪೧೭ ರೂಪಾಯಿ. ಕೋವಿಡ್ಡಿನ ಕಾರಣ ಹೇಳಿ ಸರ್ಕಾರ ಅದನ್ನು ಮುಂದೂಡಿತು. ಅದೇ ವರ್ಷ ಉಚ್ಚ ನ್ಯಾಯಾಲಯ ಕೊಡತಕ್ಕದ್ದೆಂದು ಹೇಳಿದ ಮೇಲೂ ರಾಜ್ಯದ ಎಷ್ಟೋ ಕಾರ್ಖಾನೆಗಳು ಕೊಡಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಗಳು ಲೆಕ್ಕ ಹಾಕಿದವು: ಬಾಕಿ ಬರಬೇಕಾದವರು ಸುಮಾರು ನಾಲ್ಕು ಲಕ್ಷ ಮಂದಿ. ದುಡ್ಡು ಕೈಗೆ ಬರತೊಡಗಿದ್ದು ೨೦೨೨ರಲ್ಲಿ. ಬಿಡ್ಡೆಲ್ ವಿಧವೆಯ ಏಳು ಷಿಲಿಂಗನ್ನು ಹುಡ್‌ನ ಕಾರಣದಿಂದ ಸಾಹಿತ್ಯದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಈ ೪೧೭ ರೂಪಾಯಿಯನ್ನು ಯಾವ ಪಠ್ಯದಲ್ಲಿ ಓದಬೇಕು?

ಇಲ್ಲಿಂದ ಪಶ್ಚಿಮಕ್ಕೆ ಶ್ರೀರಂಗಪಟ್ಟಣವಿದೆ. ೨೦೨೦ರ ಜೂನಿನಲ್ಲಿ ಅಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕವೊಂದರ ಸಾವಿರದ ಇನ್ನೂರಕ್ಕೂ ಮಿಕ್ಕ ಕೆಲಸಗಾರರಿಗೆ ಇದ್ದಕ್ಕಿದ್ದಂತೆ ಲೇ-ಆಫ್ ಆಯಿತು. ಬಹುಪಾಲು ಹೆಂಗಸರು. ಅಲ್ಲಿ ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿಗೆ. ಆರ್ಡರು ಕಡಿಮೆಯಾಯಿತೆಂದು ಕಂಪನಿ ಹೇಳಿತು. ಸಂಘ ಬಲವಾಗಿದ್ದ ಘಟಕವನ್ನೇ ಆರಿಸಿ ಮುಚ್ಚುತ್ತಿದ್ದಾರೆಂದು ಕಾರ್ಮಿಕ ಸಂಘ ಹೇಳಿತು. ಆ ಹೆಂಗಸರು ವಾರಗಟ್ಟಲೆ ಕಾರ್ಖಾನೆಯ ಮುಂದೆ ಕುಳಿತರು. ಕೊನೆಗೆ ೨೦೨೧ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು: ಸಂಘಕ್ಕೆ ಮನ್ನಣೆ, ಕೆಲಸ ಕಳೆದುಕೊಂಡವರಿಗೆ ಮತ್ತೆ ಕೆಲಸ ಕೊಡುವ ಮಾತು. ಪತ್ರಿಕೆಗಳಲ್ಲಿ ಒಂದೆರಡು ದಿನದ ವಾರ್ತೆಯಾಗಿ ಇದು ಮುಗಿಯಿತು.

ಇನ್ನು ನೀರಿನ ಮಾತು. ಮಂಡ್ಯದವರ ಹತ್ತಿರ ನೀರಿನ ಲೆಕ್ಕ ಹೇಳುವಾಗ ಎಚ್ಚರದಿಂದಿರಬೇಕು; ಇಲ್ಲಿ ಎತ್ತು ಮೇಯಿಸುವ ಹುಡುಗನಿಗೂ ಕ್ಯೂಸೆಕ್ಕೆಂದರೆ ಏನೆಂದು ಗೊತ್ತು. ಒಂದು ಹತ್ತಿಯ ಟೀ-ಷರ್ಟಿಗೆ, ಗಿಡ ಬೆಳೆಯುವುದರಿಂದ ಹಿಡಿದು, ಸುಮಾರು ೨೭೦೦ ಲೀಟರು ನೀರು ಬೇಕೆಂಬ ಲೆಕ್ಕ ಜಗತ್ತಿನಲ್ಲೆಲ್ಲ ಚಲಾವಣೆಯಲ್ಲಿದೆ. ನೆಲ, ಮಳೆಗಳಿಗೆ ತಕ್ಕಂತೆ ಅದು ಏರುಪೇರಾಗುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ನಡೆಯುವುದು ಹೆಚ್ಚಾಗಿ ಕತ್ತರಿಸುವ, ಹೊಲಿಯುವ, ಇಸ್ತ್ರಿ ಮಾಡುವ ಕೆಲಸ. ಬಣ್ಣ ಹಾಕುವ ಪಾಪ ಬೇರೆ ಊರಿನದು. ಅದನ್ನು ನೋಡಬೇಕಾದರೆ ತಮಿಳುನಾಡಿನ ತಿರುಪ್ಪೂರಿಗೆ ಹೋಗಬೇಕು. ಅಲ್ಲಿ ಹರಿಯುವ ನೊಯ್ಯಲ್ ಹೊಳೆಗೆ ದಶಕಗಳ ಕಾಲ ಬಣ್ಣದ ಕಾರ್ಖಾನೆಗಳ ಕೊಳಕು ಸೇರಿತು. ಬೇಸಾಯಕ್ಕೆಂದು ೧೯೯೨ರಲ್ಲಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟು ಆ ಕೊಳಕಿನ ತೊಟ್ಟಿಯಾಯಿತು; ನೀರು ಬಿಡಿರೆಂದು ಕೇಳಬೇಕಾಗಿದ್ದ ರೈತರು, ದಯವಿಟ್ಟು ಬಿಡಬೇಡಿರೆಂದು ಕೇಳುವಂತಾಯಿತು. ೨೦೧೧ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು; ಹೊರಗೆ ಹನಿ ಬಿಡದಂತೆ ಶುದ್ಧಿ ಮಾಡಿದವರು ಮಾತ್ರ ಮತ್ತೆ ತೆರೆಯಬೇಕಾಯಿತು. ಈ ನೊಯ್ಯಲ್ ಕೊನೆಗೆ ಸೇರುವುದು ಯಾವ ಹೊಳೆಗೆಂದು ಕೇಳಿ. ಕಾವೇರಿಗೆ! ನಾವು ಯಾವ ನದಿಯ ಹೆಸರಿನಲ್ಲಿ ಹೆದ್ದಾರಿ ತಡೆದು ಕುಳಿತೆವೋ ಆ ನದಿಗೇ. ಎಷ್ಟು ನೀರು ಕೆಳಗೆ ಹೋಯಿತೆಂದು ಜಗಳವಾಡಿದ ನಾವು, ನಮ್ಮ ಬನಿಯನ್ನಿನ ಬಣ್ಣ ಅಲ್ಲಿ ಅದಕ್ಕೆ ಕೂಡಿಕೊಂಡದ್ದನ್ನು ಕೇಳಲೇ ಇಲ್ಲ.

ಉಟ್ಟು ಬಿಟ್ಟ ಬಟ್ಟೆಯ ಗತಿಯೂ ಹೀಗೆಯೇ. ಸಿರಿವಂತ ದೇಶಗಳು ತೆಗೆದೆಸೆದ ಉಡುಪಿನ ಮೂಟೆಗಳು ಘಾನಾ ದೇಶದ ಅಕ್ರಾ ನಗರದ ಕಾಂಟಾಮಾಂಟೋ ಪೇಟೆಗೆ ಬಂದು ಬೀಳುತ್ತವೆ. ಅಲ್ಲಿನ ಜನರ ನುಡಿಯಲ್ಲಿ ಅದಕ್ಕಿರುವ ಹೆಸರಿನ ಅರ್ಥ ‘ಸತ್ತ ಬಿಳಿಯರ ಬಟ್ಟೆ’. ಇಷ್ಟು ಒಳ್ಳೆಯ ಬಟ್ಟೆಯನ್ನು ಬದುಕಿರುವವನು ಬಿಸಾಡುವುದುಂಟೇ, ಉಟ್ಟವನು ಸತ್ತಿರಲೇಬೇಕು ಎಂದು ಅವರು ತರ್ಕಿಸಿದರಂತೆ. ಎಷ್ಟೋ ವರದಿಗಳು ಹೇಳಲಾರದ್ದನ್ನು ಆ ಒಂದು ಹೆಸರು ಹೇಳಿಬಿಡುತ್ತದೆ.

ಜಗತ್ತು ಈ ಉದ್ಯಮವನ್ನು ಕಣ್ಣೆತ್ತಿ ನೋಡಿದ್ದು ಯಾವಾಗ? ೨೦೧೩ರ ಏಪ್ರಿಲ್ ೨೪ರಂದು ಬಾಂಗ್ಲಾದೇಶದ ಢಾಕಾ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು ೧೧೩೪ ಮಂದಿ ಸತ್ತಾಗ. ಅಂದರೆ ಮತ್ತೆ ‘ದುಃಖಸೇತು’ವೇ. ಹೊಲಿಯುವವಳು ಸತ್ತ ಮೇಲೆ ಅವಳನ್ನು ಮೆಲ್ಲನೆ ಎತ್ತಲು ಎಲ್ಲರೂ ಮುಂದೆ ಬರುತ್ತಾರೆ. ಆ ಬಳಿಕ ಬಂದ ‘ದಿ ಟ್ರೂ ಕಾಸ್ಟ್’ ಎಂಬ ಸಾಕ್ಷ್ಯಚಿತ್ರವನ್ನು (೨೦೧೫) ನಾನು ಎರಡು ಸಲ ನೋಡಿದ್ದೇನೆ. ಆಂಡ್ರ್ಯೂ ಮೋರ್ಗನ್ ಅದರ ನಿರ್ದೇಶಕ. ಹತ್ತಿಯ ಹೊಲದಿಂದ ಅಂಗಡಿಯ ಬಾಗಿಲವರೆಗೆ ನೂಲು ಕಡಿಯದಂತೆ ಹೋಗುವ ಶ್ರದ್ಧೆ ಅದರಲ್ಲಿದೆ, ಅದನ್ನು ಮೆಚ್ಚಬೇಕು. ಆದರೆ ಅಲ್ಲಿ ಢಾಕಾದ ಹೆಣ್ಣುಮಗಳೊಬ್ಬಳು ಸಂಘ ಕಟ್ಟಿದವಳು, ಬೇಡಿಕೆಗಳನ್ನು ಬರೆದು ಒಡೆಯರ ಮುಂದೆ ಇಟ್ಟವಳು. ನೋಡಿದವರ ಮನಸ್ಸಿನಲ್ಲಿ ನಿಲ್ಲುವುದು ಆ ಧೈರ್ಯಕ್ಕಿಂತ ಹೆಚ್ಚಾಗಿ ಅವಳ ಅಳು. ಕ್ಯಾಮೆರಾ ಅದಕ್ಕಾಗಿಯೇ ಕಾದು ಕುಳಿತಿತ್ತೇನೋ ಎಂಬ ಅನುಮಾನ ಎರಡನೆಯ ಸಲ ನೋಡಿದಾಗ ನನಗೆ ಬಲವಾಯಿತು.

ಹಾಗಾದರೆ ಹುಡ್‌ನ ಅಂಗಿಯ ಹಾಡನ್ನು ಯಾರಾದರೂ ಈಗ ಕನ್ನಡಕ್ಕೆ ತಂದರೆ ಕೊರತೆ ನೀಗೀತೇ? ನೀಗದು. ಅವನ ಹೆಂಗಸು ಮಾಳಿಗೆಯ ಕೋಣೆಯಲ್ಲಿ ಒಬ್ಬಳೇ ಕೂತವಳು. ಅವಳ ದನಿ ಸಿರಿವಂತರ ಕಿವಿಗೆ ಬಿದ್ದರೆ ಸಾಕೆಂಬುದು ಕವಿಯ ಆಸೆ. ನಮ್ಮವಳು ಒಬ್ಬಳೇ ಅಲ್ಲ. ನೂರಾರು ಜನರ ನಡುವೆ ಸಾಲಿನಲ್ಲಿ ಕುಳಿತಿದ್ದಾಳೆ. ಆ ಸಾಲಿಗೆ ಎಂಥ ಶಕ್ತಿಯಿದೆಯೆಂಬುದು ೨೦೧೬ರ ಏಪ್ರಿಲ್ ೧೮, ೧೯ರಂದು ಬೆಂಗಳೂರಿನಲ್ಲಿ ಕಂಡಿತು. ಭವಿಷ್ಯನಿಧಿಯಲ್ಲಿ ಮಾಲೀಕರು ಹಾಕಿದ ಪಾಲನ್ನು ಐವತ್ತೆಂಟು ವರ್ಷದವರೆಗೆ ಮುಟ್ಟುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಸಾವಿರ ಸಾವಿರ ಹೆಂಗಸರು ದೊಡ್ಡ ನಾಯಕರು ಯಾರೂ ಕರೆಯದೆಯೇ ಯಂತ್ರ ಬಿಟ್ಟೆದ್ದು ರಸ್ತೆಗೆ ಬಂದರು. ಲಾಠಿಯೂ ಬಿತ್ತು, ಕಲ್ಲೂ ಬಿತ್ತು, ಬಸ್ಸುಗಳೂ ಸುಟ್ಟವು. ಎರಡನೆಯ ದಿನದ ಹೊತ್ತಿಗೆ ನಿಯಮ ವಾಪಸಾಯಿತು. ಕರುಣರಸದ ಪಾತ್ರೆಯಲ್ಲಿ ಇದು ಹಿಡಿಯುವುದಿಲ್ಲ. ಹುಡ್‌ನಿಂದ ಕಲಿಯಬೇಕಾದದ್ದು ಅವನ ಕಣ್ಣೀರನ್ನಲ್ಲ, ಹೊಲಿಗೆಗೆ ಹೊಲಿಗೆಯ ಹೆಸರು ಹಿಡಿದು ಕರೆಯುವ ಅವನ ಕ್ರಮವನ್ನು.

ಆ ಕ್ರಮ ಕನ್ನಡಕ್ಕೆ ಹೊಸದೇನೂ ಅಲ್ಲ. ಅದಕ್ಕಾಗಿ ಲಂಡನ್ನಿಗೆ ಹೋಗಬೇಕಾಗಿಯೂ ಇಲ್ಲ. ಜೇಡರ ದಾಸಿಮಯ್ಯ ನೆಯ್ದವನು. ಸೂಜಿಕಾಯಕದ ರಾಮಿತಂದೆ ಹೊಲಿದವನು. ಅವನ ಹೆಸರಿನಲ್ಲಿಯೇ ಸೂಜಿಯಿದೆ. ನೂಲುತ್ತಿದ್ದ ಕದಿರ ರೆಮ್ಮವ್ವೆ ತನ್ನ ರಾಟೆಯ ಕುಲವನ್ನು ಹೇಳುವ ವಚನವೊಂದುಂಟು. ಅಡಿಯ ಹಲಗೆಯಿಂದ ಹಿಡಿದು ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವರನ್ನು ಕೂರಿಸಿ ಎಣಿಸುತ್ತಾಳೆ. ಅದರ ಅಧ್ಯಾತ್ಮವನ್ನು ಬಲ್ಲವರು ಬಿಡಿಸಲಿ. ನನ್ನ ಗಮನ ಹೋಗುವುದು ಬೇರೆಯ ಕಡೆಗೆ: ತಾನು ದಿನವೂ ತಿರುಗಿಸುವ ಉಪಕರಣದ ಅಂಗಾಂಗ ಗೊತ್ತಿಲ್ಲದವಳ ಬಾಯಿಂದ 그 ಮಾತು ಬರಲಾರದು. ಅವಳನ್ನು ನೋಡಿ ಮರುಗಿದ ಕವಿಯೊಬ್ಬ ಬರೆದುಕೊಟ್ಟದ್ದಲ್ಲ ಅದು, ಅವಳದೇ.

ರೆಮ್ಮವ್ವೆಯ ನೂಲು ಮೊದಲಿಂದ ಕೊನೆಯವರೆಗೆ ಅವಳ ಕೈಯದು. ಇಂದಿನವಳಿಗೆ ಆ ಭಾಗ್ಯವಿಲ್ಲವೆಂದು ಯಾರಾದರೂ ಹೇಳಬಹುದು. ನಿಜ. ನಮ್ಮ ಬೀದಿಯಿಂದ ಹನ್ನೊಂದು ವರ್ಷ ಗಾರ್ಮೆಂಟ್ಸ್‌ಗೆ ಹೋದ ಒಬ್ಬ ಹೆಣ್ಣುಮಗಳನ್ನು ನಾನು ಒಮ್ಮೆ ಈ ವಿಷಯ ಕೇಳಿದೆ. ‘ನಾನು ಕಾಲರ್‌ನೋಳು ಕಣಿ ಮೇಷ್ಟ್ರೇ. ಇಡೀ ಅಂಗೀನ ಒಂದ್ ದಿವ್ಸನೂ ಹೊಲ್ದಿಲ್ಲ’ ಎಂದಳು. ಮಿಕ್ಕದ್ದನ್ನು ಯಾರು ಹೊಲಿಯುತ್ತಾರೆಂದು ಕೇಳಿದ್ದಕ್ಕೆ, ಬೆರಳು ಮಡಿಸುತ್ತ, ಸಾಲಿನಲ್ಲಿ ಅಂಗಿ ಕೈಯಿಂದ ಕೈಗೆ ಹೋಗುವ ವರಸೆಯಲ್ಲಿಯೇ ಹೇಳುತ್ತ ಹೋದಳು: ಕಾಲರ್, ಕಾಲರ್ ಸ್ಟ್ಯಾಂಡ್, ಯೋಕ್, ಪಾಕೆಟ್, ಪ್ಲಾಕೆಟ್, ತೋಳು, ಕಫ್, ಸೈಡ್ ಸೀಮ್, ಬಾಟಮ್, ಕಾಜ, ಬಟನ್. ಒಂದೊಂದು ಹೆಸರಿನ ಜೊತೆಗೂ ಆ ಜಾಗದಲ್ಲಿ ಕೂರುವವಳ ಊರಿನ ಹೆಸರನ್ನೂ ಸೇರಿಸಿ ಹೇಳಿದಳು.